ತೇಲುವ ಡಾಕುಗಳೂ ನೌಕಾಬಲದ ವ್ಯಾಪ್ತಿಯೂ

1. ವಿಷಯ ಪ್ರವೇಶ

ಸಮುದ್ರದಿಂದ ದೂರವಾದ ಒಳನಾಡಿನಲ್ಲಿ ವಾಸಿಸುವ ನಮಗೆ ನೌಕಾಪಡೆಯ ಇತಿಹಾಸವು ಪರಕೀಯವಾದ ವಿಷಯವೆಂದು ತೋರುವುದು ಸಹಜವಾಗಿದೆ. ದಾವಣಗೆರೆಯ ವಿದ್ಯಾರ್ಥಿಯು ಸಮೀಪದಲ್ಲಿ ಕಾಣಬಹುದಾದ ಜಲಯಾನವೆಂದರೆ ಹರಿಹರದ ಬಳಿಯ ತುಂಗಭದ್ರೆಯ ಹರಿಗೋಲು ಒಂದೇ. ಆದರೂ ಪ್ರಕೃತ ವಿಷಯದ ಮೂಲತತ್ತ್ವವನ್ನು ಆ ಹರಿಗೋಲಿನಿಂದಲೇ ತಿಳಿಯಬಹುದಾಗಿದೆ. ಬಿದಿರಿನಿಂದ ಹೆಣೆದು ಹಿಂದೆ ತೊಗಲನ್ನು ಹೊದಿಸುತ್ತಿದ್ದ ಈ ಯಾನದ ತಳವು ಸೋರತೊಡಗಿದಾಗ ಅಂಬಿಗನು ಅದನ್ನು ದಡಕ್ಕೆಳೆದು, ಬೋರಲು ಹಾಕಿ, ಒಣಗಿಸಿ, ತೂತನ್ನು ಮುಚ್ಚಿ ಮತ್ತೆ ಹೊಳೆಗೆ ಬಿಡುತ್ತಾನೆ. ನೀರಿನಲ್ಲಿರುವ ದೋಣಿಯ ತಳವನ್ನು ಸರಿಪಡಿಸಬೇಕಾದರೆ ಅದನ್ನು ನೀರಿನಿಂದ ಹೊರಗೆ ತೆಗೆಯಬೇಕು. ಇದಕ್ಕೆ ಬೇರೆ ಉಪಾಯವಿಲ್ಲ.

ಮೂವತ್ತು ನಲವತ್ತು ಸಾವಿರ ಟನ್ ತೂಕದ ಯುದ್ಧನೌಕೆಗೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಅದನ್ನು ದಡಕ್ಕೆಳೆಯುವುದಾಗಲಿ ಬೋರಲು ಹಾಕುವುದಾಗಲಿ ಸಾಧ್ಯವಿಲ್ಲ. ಬೆಚ್ಚನೆಯ ಕಡಲುಗಳಲ್ಲಿ ಕೆಲವು ತಿಂಗಳು ಸಂಚರಿಸಿದ ಹಡಗಿನ ತಳಕ್ಕೆ ಪಾಚಿಯೂ ಚಿಪ್ಪುಜೀವಿಗಳೂ ದಟ್ಟವಾಗಿ ಅಂಟಿಕೊಳ್ಳುತ್ತವೆ. ಅದರಿಂದ ವೇಗವು ಕುಗ್ಗಿ ಇಂಧನದ ವ್ಯಯವು ಹೆಚ್ಚುತ್ತದೆ. ಪ್ರೊಪೆಲರುಗಳು, ಚುಕ್ಕಾಣಿ, ನೀರನ್ನು ಒಳಗೆಳೆಯುವ ಕೊಳವೆಗಳ ಬಾಯಿಗಳು ಇವೆಲ್ಲವೂ ನೀರಿನ ಕೆಳಗೇ ಇರುವುವು. ಆದುದರಿಂದ ಯಾವ ನೌಕಾಪಡೆಯೇ ಆಗಲಿ, ತನ್ನ ಹಡಗುಗಳನ್ನು ನಿಯತಕಾಲದಲ್ಲಿ ನೀರಿನಿಂದ ಹೊರತೆಗೆಯಬಲ್ಲ ಸ್ಥಳವೊಂದನ್ನು ಹೊಂದಿರಲೇಬೇಕು. ಅಂತಹ ಸ್ಥಳವನ್ನು ಒಣ ಡಾಕ್ ಎಂದು ಕರೆಯುವುದು ವಾಡಿಕೆ.

ಇತಿಹಾಸ ಗ್ರಂಥಗಳು ಹಡಗುಗಳ ಸಂಖ್ಯೆಯನ್ನೂ ಫಿರಂಗಿಗಳ ಗಾತ್ರವನ್ನೂ ವಿವರವಾಗಿ ಕೊಡುತ್ತವೆ. ಡಾಕುಗಳ ವಿಷಯವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತವೆ. ನೌಕಾಬಲದ ನಿಜವಾದ ವ್ಯಾಪ್ತಿಯನ್ನು ನಿರ್ಧರಿಸುವುದರಲ್ಲಿ ಡಾಕಿನ ಸ್ಥಾನವು ಹಡಗಿನ ಸ್ಥಾನಕ್ಕಿಂತ ಕಡಮೆಯದಲ್ಲವೆಂಬುದನ್ನು ಕೆಲವು ತೇಲುವ ಡಾಕುಗಳ ಸೇವಾಚರಿತ್ರೆಯ ಮೂಲಕ ತೋರಿಸುವುದು ಈ ಲೇಖನದ ಉದ್ದೇಶವಾಗಿದೆ. ಕೊನೆಯಲ್ಲಿ ನಮ್ಮದೇ ಕರಾವಳಿಯಾದ ಕಾರವಾರದ ವ್ಯವಸ್ಥೆಯನ್ನು ಇದೇ ದೃಷ್ಟಿಯಿಂದ ಪರಿಶೀಲಿಸುತ್ತೇವೆ.

2. ರಚನೆ ಮತ್ತು ಕಾರ್ಯವಿಧಾನ

ಒಣ ಡಾಕುಗಳಲ್ಲಿ ಎರಡು ಮುಖ್ಯ ಬಗೆಗಳುಂಟು. ಮೊದಲನೆಯದು ನೆಲದಲ್ಲಿ ಅಗೆದು ಕಲ್ಲಿನಿಂದಲೋ ಕಾಂಕ್ರೀಟಿನಿಂದಲೋ ಕಟ್ಟಿದ ದೊಡ್ಡ ಹೊಂಡ. ಅದರ ಬಾಗಿಲನ್ನು ತೆರೆದರೆ ಸಮುದ್ರದ ನೀರು ಒಳಗೆ ಬರುತ್ತದೆ. ಹಡಗೂ ಒಳಗೆ ಬರುತ್ತದೆ. ಬಾಗಿಲನ್ನು ಮುಚ್ಚಿ ನೀರನ್ನು ಪಂಪುಗಳಿಂದ ಹೊರಹಾಕಿದರೆ ಹಡಗು ಹೊಂಡದ ತಳದಲ್ಲಿ ಸಾಲಾಗಿ ಜೋಡಿಸಿದ ದಿಮ್ಮಿಗಳ ಮೇಲೆ ಕುಳಿತುಕೊಳ್ಳುತ್ತದೆ.

ಎರಡನೆಯದು ತೇಲುವ ಡಾಕ್. ಇಲ್ಲಿ ಹೊಂಡವೇ ಹಡಗಿನಂತೆ ತೇಲುವುದು. ಅಡಿಯಲ್ಲಿ ಅಗಲವಾದ ಪೊಳ್ಳು ಉಕ್ಕಿನ ಪೀಠ, ಅದರ ಎರಡು ಪಾರ್ಶ್ವಗಳಲ್ಲಿ ಎತ್ತರವಾದ ಪೊಳ್ಳು ಗೋಡೆಗಳು, ಮುಂದೆಯೂ ಹಿಂದೆಯೂ ಬಯಲು. ಇದು ಅದರ ಆಕಾರ. ಪೀಠವನ್ನು ಒಳಗೆ ಅನೇಕ ತೊಟ್ಟಿಗಳಾಗಿ ವಿಭಾಗಿಸಿರುತ್ತಾರೆ. ತೊಟ್ಟಿಗಳಿಗೆ ನೀರನ್ನು ಬಿಟ್ಟರೆ ಪೀಠವು ಮುಳುಗಿ ಗೋಡೆಗಳ ಮೇಲ್ಭಾಗ ಮಾತ್ರ ಕಾಣುತ್ತದೆ. ಆಗ ಹಡಗನ್ನು ಗೋಡೆಗಳ ನಡುವೆ ತಂದು, ದಿಮ್ಮಿಗಳ ಸಾಲಿಗೆ ಸರಿಯಾಗಿ ನಿಲ್ಲಿಸಿ, ತೊಟ್ಟಿಗಳ ನೀರನ್ನು ಪಂಪುಗಳಿಂದ ಹೊರಹಾಕುತ್ತಾರೆ. ಪೀಠವು ಮೇಲೇರುತ್ತದೆ, ಹಡಗೂ ಅದರೊಡನೆ ನೀರಿನಿಂದ ಹೊರಬರುತ್ತದೆ. ಆರ್ಕಿಮಿಡೀಸನ ತತ್ತ್ವಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗವನ್ನು ಕಾಣುವುದು ಕಷ್ಟ.

ವಾಚಕರು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಹಡಗಿನ ಭಾರವು ಅದರ ಉದ್ದಕ್ಕೂ ಸಮನಾಗಿ ಹಂಚಿರುವುದಿಲ್ಲ. ಯಂತ್ರಗಳು, ಫಿರಂಗಿಗಳು, ಮದ್ದುಗುಂಡುಗಳು ಇರುವಲ್ಲಿ ಭಾರ ಹೆಚ್ಚು. ಮೂತಿಯ ಮತ್ತು ಬಾಲದ ತುದಿಗಳಲ್ಲಿ ಕಡಮೆ. ಡಾಕ್ ಹಡಗಿಗಿಂತ ಉದ್ದವಾಗಿದ್ದರೆ ಅದರ ಎರಡು ತುದಿಗಳ ಮೇಲೆ ಯಾವ ಭಾರವೂ ಇರುವುದಿಲ್ಲ. ಆದುದರಿಂದ ಪ್ರತಿಯೊಂದು ತೊಟ್ಟಿಯಿಂದಲೂ ಅದರ ಮೇಲೆ ಬೀಳುವ ಭಾರಕ್ಕೆ ತಕ್ಕಷ್ಟು ನೀರನ್ನೇ, ತಕ್ಕ ಅನುಕ್ರಮದಲ್ಲಿಯೇ ತೆಗೆಯಬೇಕು. ತುದಿಯ ತೊಟ್ಟಿಗಳನ್ನು ಮಿತಿಮೀರಿ ಬರಿದುಮಾಡಿದರೆ ತುದಿಗಳು ಮೇಲಕ್ಕೆ ಒತ್ತುವುವು. ನಡುಭಾಗವನ್ನು ಹಡಗು ಕೆಳಕ್ಕೆ ಒತ್ತುವುದು. ಎರಡು ಕಡೆ ಆಧಾರಕೊಟ್ಟು ನಡುವೆ ಮಿತಿಮೀರಿದ ಭಾರವನ್ನು ಹೇರಿದ ಮರದ ತೊಲೆಯು ಹೇಗೆ ನಡುವೆ ಮುರಿಯುವುದೋ ಹಾಗೆಯೇ ಡಾಕಿನ ನಡುವೂ ಮುರಿಯಬಹುದು. ಮುಂದೆ ಹೇಳಲಿರುವ ಘಟನೆಯನ್ನು ಅರ್ಥಮಾಡಿಕೊಳ್ಳಲು ಈ ವಿವರಣೆ ಅಗತ್ಯವಾಗಿದೆ.

3. ಕಲ್ಲಿನ ಡಾಕಿನಿಂದ ತೇಲುವ ಡಾಕಿಗೆ

ಭಾರತದ ಪಶ್ಚಿಮ ತೀರದಲ್ಲಿ ಕಲ್ಲಿನ ಒಣ ಡಾಕಿನ ಚರಿತ್ರೆಯು ಮುಂಬಯಿಯಲ್ಲಿ 1750ರ ಸುಮಾರಿಗೆ ಪ್ರಾರಂಭವಾಗುತ್ತದೆ. 1736ರಲ್ಲಿ ಸೂರತ್ತಿನಿಂದ ಅಲ್ಲಿಗೆ ಬಂದ ಪಾರ್ಸಿ ನೌಕಾಶಿಲ್ಪಿ ಲವಜೀ ನಸರ್ವಾನ್‌ಜೀ ವಾಡಿಯಾ ಮತ್ತು ಆತನ ವಂಶಜರು ಮುಂಬಯಿಯನ್ನು ಹಡಗು ಕಟ್ಟುವ ಹಾಗೂ ಸರಿಪಡಿಸುವ ದೊಡ್ಡ ಕೇಂದ್ರವನ್ನಾಗಿ ಮಾಡಿದರು. ಅರಬ್ಬೀ ಸಮುದ್ರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಪ್ರಬಲವಾದುದಕ್ಕೆ ಈ ಡಾಕುಗಳೂ ಒಂದು ಕಾರಣವೆಂಬುದನ್ನು ಮರೆಯಲಾಗದು.

ಕಲ್ಲಿನ ಡಾಕನ್ನು ಎಲ್ಲ ಕಡೆಯೂ ಕಟ್ಟಲಾಗದು. ಅದಕ್ಕೆ ಗಟ್ಟಿಯಾದ ನೆಲವೂ ಹಲವು ವರ್ಷಗಳ ಶ್ರಮವೂ ಬೇಕು. ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪವು ಬ್ರಿಟಿಷ್ ನೌಕಾಪಡೆಗೆ ಅತ್ಯಂತ ಮುಖ್ಯವಾದ ನೆಲೆಯಾಗಿತ್ತು. ಆದರೆ ಅಲ್ಲಿಯ ಸುಣ್ಣಕಲ್ಲು ರಂಧ್ರಮಯವಾದುದು. ಅಗೆದ ಹೊಂಡದಲ್ಲಿ ನೀರು ಸೋರಿ ಬರುತ್ತಿತ್ತು. ಇದಕ್ಕೆ ಪರಿಹಾರವಾಗಿ ಇಂಗ್ಲೆಂಡಿನಲ್ಲಿಯೇ 381 ಅಡಿ ಉದ್ದದ ಕಬ್ಬಿಣದ ತೇಲುವ ಡಾಕನ್ನು ನಿರ್ಮಿಸಿ, 1869ರ ಬೇಸಗೆಯಲ್ಲಿ ಅದನ್ನು ಸಾಗರದ ಮೇಲೆ ಎಳೆದುಕೊಂಡು ಹೋದರು. ಮದೀರಾ ದ್ವೀಪದಿಂದ ಮುಂದಕ್ಕೆ ಎಳೆದ ಹಡಗುಗಳಲ್ಲಿ ‘ವಾರಿಯರ್’ ಮತ್ತು ‘ಬ್ಲ್ಯಾಕ್ ಪ್ರಿನ್ಸ್’ ಎಂಬ, ಆ ಕಾಲದ ಹೆಸರಾಂತ ಕಬ್ಬಿಣದ ಯುದ್ಧನೌಕೆಗಳೂ ಇದ್ದುವು. ನೆಲವು ಕೊಡದ ಅನುಕೂಲವನ್ನು ಕಾರ್ಖಾನೆಯು ಕೊಡಬಲ್ಲುದೆಂಬುದನ್ನು ಈ ಪ್ರಯಾಣವು ಸಿದ್ಧಪಡಿಸಿತು. ಅಂದಿನಿಂದ ದುರಸ್ತಿಯ ನೆಲೆಯನ್ನೇ ಬೇಕಾದಲ್ಲಿಗೆ ಸಾಗಿಸುವ ನೀತಿಯು ಬಲಗೊಂಡಿತು.

4. ಸಿಂಗಪುರದ ಡಾಕ್: 1928ರಿಂದ 1945ರವರೆಗೆ

ಈ ನೀತಿಯ ಪರಮಾವಧಿಯನ್ನು ಸಿಂಗಪುರದಲ್ಲಿ ಕಾಣುತ್ತೇವೆ. ಒಂದನೆಯ ಮಹಾಯುದ್ಧದ ತರುವಾಯ ಪೂರ್ವದಲ್ಲಿ ಜಪಾನಿನ ನೌಕಾಬಲವು ಬೆಳೆಯುತ್ತಿದ್ದಿತು. ಅತ್ಯಂತ ದೊಡ್ಡ ಯುದ್ಧನೌಕೆಗಳನ್ನು ಎತ್ತಬಲ್ಲ ಡಾಕ್ ಪೂರ್ವದಲ್ಲಿ ಇಲ್ಲದಿದ್ದರೆ ಅವನ್ನು ಅಲ್ಲಿಗೆ ಕಳುಹಿಸುವುದು ವ್ಯರ್ಥವೆಂದು ಬ್ರಿಟನ್ನಿನ ನೌಕಾ ಇಲಾಖೆ ಭಾವಿಸಿತು. ಟೈನ್ ನದಿಯ ದಂಡೆಯಲ್ಲಿ 50,000 ಟನ್ ಎತ್ತುವ ಸಾಮರ್ಥ್ಯದ, 855 ಅಡಿ ಉದ್ದದ ಡಾಕೊಂದು ಸಿದ್ಧವಾಯಿತು. ಅದಕ್ಕೆ ‘ಅಡ್ಮಿರಾಲ್ಟಿ ಒಂಬತ್ತನೆಯ ಡಾಕ್’ ಎಂದು ಹೆಸರಾಯಿತು. 1928ರ ಜೂನ್ ತಿಂಗಳಲ್ಲಿ ಎರಡು ಭಾಗಗಳಾಗಿ ಹೊರಟ ಇದನ್ನು ಡಚ್ಚರ ಟಗ್ ಹಡಗುಗಳು ಸೂಯೆಜ್ ಕಾಲುವೆಯ ಮೂಲಕ ಎಳೆದುಕೊಂಡು ಅದೇ ವರ್ಷದ ಅಕ್ಟೋಬರಿನಲ್ಲಿ ಸಿಂಗಪುರವನ್ನು ಮುಟ್ಟಿಸಿದುವು.

ಇದರ ಮುಂದಿನ ಚರಿತ್ರೆಯು ಬೋಧಪ್ರದವಾಗಿದೆ. 1942ರ ಫೆಬ್ರವರಿಯಲ್ಲಿ ಸಿಂಗಪುರವು ಜಪಾನೀಯರ ವಶವಾಗುವ ಮುನ್ನ ಬ್ರಿಟಿಷರೇ ಈ ಡಾಕನ್ನು ಮುಳುಗಿಸಿದರು. ಜಪಾನೀಯರು ಅದನ್ನು ಮೇಲೆತ್ತಿ ತಮ್ಮ ಹಡಗುಗಳಿಗೆ ಉಪಯೋಗಿಸಿಕೊಂಡರು. 1945ರ ಫೆಬ್ರವರಿ 1ರಂದು ಅಮೆರಿಕದ ಬಿ-29 ವಿಮಾನಗಳು ಬಾಂಬು ಹಾಕಿ ಅದನ್ನು ಮತ್ತೆ ಮುಳುಗಿಸಿದುವು. ಆ ವಿಮಾನಗಳು ಹೊರಟದ್ದು ನಮ್ಮ ಬಂಗಾಳದ ಖರಗ್‌ಪುರದ ಸುತ್ತಣ ವಿಮಾನ ನಿಲ್ದಾಣಗಳಿಂದ. ಕಟ್ಟಿದವರೇ ಒಮ್ಮೆ ಮುಳುಗಿಸಿದರು. ಅವರ ಮಿತ್ರರು ಇನ್ನೊಮ್ಮೆ ಮುಳುಗಿಸಿದರು. ಫಿರಂಗಿಯನ್ನು ಪ್ರಯೋಗಿಸದ ಒಂದು ಉಕ್ಕಿನ ಪೀಠವನ್ನು ಶತ್ರುವಿಗೆ ಬಿಡಬಾರದೆಂದು ಇಷ್ಟು ಪ್ರಯತ್ನಗಳಾದುವೆಂಬುದೇ ಅದರ ಬೆಲೆಯನ್ನು ಸೂಚಿಸುತ್ತದೆ.

5. ‘ವೇಲಿಯಂಟ್’ ನೌಕೆಯೂ ಎರಡು ಡಾಕುಗಳೂ

ಡಾಕಿನ ಉಪಕಾರವನ್ನೂ ಅಪಾಯವನ್ನೂ ಒಂದೇ ಹಡಗಿನ ಚರಿತ್ರೆಯಲ್ಲಿ ಕಾಣಬೇಕಾದರೆ ಬ್ರಿಟಿಷ್ ಯುದ್ಧನೌಕೆ ‘ವೇಲಿಯಂಟ್’ ಉತ್ತಮ ನಿದರ್ಶನ. ಎಂಟು ಹದಿನೈದು ಅಂಗುಲದ ಫಿರಂಗಿಗಳನ್ನು ಹೊತ್ತ, ಸುಮಾರು 640 ಅಡಿ ಉದ್ದದ ಈ ನೌಕೆಯು ಎರಡು ಮಹಾಯುದ್ಧಗಳಲ್ಲಿಯೂ ಸೇವೆ ಸಲ್ಲಿಸಿತು.

1941ರ ಡಿಸೆಂಬರ್ 19ರ ಬೆಳಗಿನ ಜಾವ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನೊಳಕ್ಕೆ ಇಟಲಿಯ ಆರು ಮಂದಿ ಮುಳುಗುಗಾರರು, ಸವಾರಿ ಮಾಡಬಹುದಾದ ಮೂರು ಟಾರ್ಪೆಡೊಗಳ ಮೇಲೆ ಕುಳಿತು ಗುಪ್ತವಾಗಿ ಪ್ರವೇಶಿಸಿದರು. ಅವರು ಇರಿಸಿದ ಸ್ಫೋಟಕಗಳಿಂದ ‘ವೇಲಿಯಂಟ್’ ಮತ್ತು ‘ಕ್ವೀನ್ ಎಲಿಜಬೆತ್’ ಎರಡೂ ತಳದಲ್ಲಿ ತೀವ್ರವಾಗಿ ಗಾಸಿಗೊಂಡುವು. ಪೂರ್ವ ಮೆಡಿಟರೇನಿಯನ್ನಿನಲ್ಲಿ ಬ್ರಿಟಿಷರಿಗೆ ಅದೊಂದು ಮಹಾ ಸಂಕಟದ ಕಾಲ. ಅಲೆಕ್ಸಾಂಡ್ರಿಯಾದಲ್ಲಿ ಆಗ ‘ಅಡ್ಮಿರಾಲ್ಟಿ ಐದನೆಯ ತೇಲುವ ಡಾಕ್’ ಇದ್ದಿತು. ಯುದ್ಧದ ಸೂಚನೆಗಳು ಕಂಡ 1939ರಲ್ಲಿಯೇ ಅದನ್ನು ಪೋರ್ಟ್ಸ್‌ಮತ್ತಿನಿಂದ ಎಳೆದು ತಂದಿರಿಸಲಾಗಿತ್ತು. ಸ್ಫೋಟವಾದ ಎರಡು ದಿನಗಳಲ್ಲಿ ‘ವೇಲಿಯಂಟ್’ ಆ ಡಾಕನ್ನೇರಿತು. ಅಲ್ಲಿ ತಾತ್ಕಾಲಿಕ ದುರಸ್ತಿಯನ್ನು ಮುಗಿಸಿ, ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಪೂರ್ಣ ದುರಸ್ತಿಯನ್ನು ಪಡೆದು 1942ರ ಮಧ್ಯಭಾಗದಲ್ಲಿ ಮತ್ತೆ ಸೇವೆಗೆ ಸಿದ್ಧವಾಯಿತು. ಡಾಕನ್ನು ಮೊದಲೇ ಅಲ್ಲಿಗೆ ತಾರದಿದ್ದಲ್ಲಿ ಈ ನೌಕೆಯು ಬಂದರಿನಲ್ಲಿಯೇ ನಿಶ್ಚೇಷ್ಟಿತವಾಗಿ ಬಿದ್ದಿರಬೇಕಾಗುತ್ತಿತ್ತು.

ಎರಡು ವರ್ಷಗಳ ತರುವಾಯ ಕಥೆಯು ಹಿಂದೂ ಮಹಾಸಾಗರಕ್ಕೆ ಬರುತ್ತದೆ. 1942ರ ಏಪ್ರಿಲಿನಲ್ಲಿ ಜಪಾನೀ ವಿಮಾನಗಳು ಕೊಲಂಬೊ ಮತ್ತು ಟ್ರಿಂಕೋಮಲಿಗಳ ಮೇಲೆ ದಾಳಿಮಾಡಿದ ಮೇಲೆ ಬ್ರಿಟಿಷರ ಪೂರ್ವದ ನೌಕಾದಳವು ಆಫ್ರಿಕದ ತೀರಕ್ಕೆ ಹಿಂಜರಿದಿತ್ತು. 1944ರ ಆರಂಭದಲ್ಲಿ ಅದು ಮತ್ತೆ ಬಲಗೊಂಡು ಲಂಕೆಯ ಟ್ರಿಂಕೋಮಲಿಯನ್ನು ನೆಲೆಯಾಗಿ ಮಾಡಿಕೊಂಡಿತು. ‘ವೇಲಿಯಂಟ್’ ಅದರ ಮುಖ್ಯ ನೌಕೆಗಳಲ್ಲೊಂದು. ಆದರೆ ಇಂತಹ ಹಡಗನ್ನು ಎತ್ತುವುದೆಲ್ಲಿ? ಮುಂಬಯಿಯಲ್ಲಿ 1914ರಲ್ಲಿ ತೆರೆದ ಹ್ಯೂಸ್ ಒಣ ಡಾಕ್ ಸಾವಿರ ಅಡಿ ಉದ್ದವಾಗಿತ್ತು. ಆದರೆ ಅದರ ಅಗಲ 100 ಅಡಿ ಮಾತ್ರ. ‘ವೇಲಿಯಂಟ್’ ನೌಕೆಯ ಅಗಲವೋ, ಟಾರ್ಪೆಡೊಗಳಿಂದ ರಕ್ಷಣೆಗಾಗಿ ಎರಡು ಪಕ್ಕಗಳಲ್ಲಿ ಉಬ್ಬುಗಳನ್ನು ಸೇರಿಸಿದ ಮೇಲೆ, 104 ಅಡಿಯಾಗಿತ್ತು. ಉದ್ದದಲ್ಲಿ ನೂರಾರು ಅಡಿ ಮಿಗುವ ಡಾಕ್ ಅಗಲದಲ್ಲಿ ನಾಲ್ಕು ಅಡಿ ಸಾಲದೆ ನಿರುಪಯುಕ್ತವಾಗುವುದು. ನೌಕಾಯೋಜನೆಯಲ್ಲಿ ಇಂತಹ ಸಣ್ಣ ಅಳತೆಗಳ ಮಹತ್ತ್ವ ಎಷ್ಟೆಂಬುದು ಇದರಿಂದ ವ್ಯಕ್ತವಾಗುತ್ತದೆ. ಟ್ರಿಂಕೋಮಲಿಯಲ್ಲಿ ಅಡ್ಮಿರಾಲ್ಟಿಯ 23ನೆಯ ತೇಲುವ ಡಾಕನ್ನು ನೆಲೆಗೊಳಿಸಿದುದರಿಂದ ಈ ಕೊರತೆಯು ನೀಗಿದಂತಾಯಿತು.

1944ರ ಜುಲೈ 25ರಂದು ಸುಮಾತ್ರದ ಸಬಾಂಗ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ‘ವೇಲಿಯಂಟ್’ ಭಾಗವಹಿಸಿತು. ಅದಾದ ಹದಿನಾಲ್ಕು ದಿನಗಳಿಗೆ, ಅಂದರೆ ಆಗಸ್ಟ್ 8ರಂದು, ಅದನ್ನು ಟ್ರಿಂಕೋಮಲಿಯ ಡಾಕಿನಲ್ಲಿ ಎತ್ತಲಾರಂಭಿಸಿದರು. ಹಡಗಿನಲ್ಲಿ ಮದ್ದುಗುಂಡುಗಳ ಪೂರ್ಣ ಸಂಗ್ರಹವು ಹಾಗೆಯೇ ಇದ್ದಿತು. ಅದರ ದೊಡ್ಡ ಫಿರಂಗಿಯ ಒಂದೊಂದು ಗುಂಡೂ ಒಂದು ಟನ್ನಿಗೆ ಸ್ವಲ್ಪ ಮಾತ್ರ ಕಡಮೆಯ ತೂಕದ್ದೆಂಬುದನ್ನು ನೆನೆದರೆ ಈ ಹೆಚ್ಚಿನ ಭಾರದ ಕಲ್ಪನೆಯಾದೀತು. ತೊಟ್ಟಿಗಳನ್ನು ಬರಿದುಮಾಡಿದ ಅನುಕ್ರಮವು ಹಡಗಿನ ಭಾರದ ಹಂಚಿಕೆಗೆ ಹೊಂದಲಿಲ್ಲ. ಡಾಕಿನ ತುದಿಗಳ ಮೇಲೆ ತಡೆಯಲಾರದ ಒತ್ತಡ ಬಿದ್ದಿತು. ಅದರ ನಡು ಮುರಿಯಿತು, ಡಾಕ್ ಮುಳುಗಿತು. ಹಡಗಿನ ಬಾಯ್ಲರುಗಳಲ್ಲಿ ಉಗಿಯನ್ನು ಆರಿಸದೆ ಇಟ್ಟಿದ್ದುದರಿಂದ ‘ವೇಲಿಯಂಟ್’ ಮುಳುಗದೆ ಪಾರಾಯಿತು. ಆದರೆ ಅದರ ತಳ, ಚುಕ್ಕಾಣಿ ಹಾಗೂ ಒಳಗಿನ ಎರಡು ಪ್ರೊಪೆಲರುಗಳು ಕೆಟ್ಟುವು.

ಇನ್ನು ಅದನ್ನು ಸರಿಪಡಿಸಬಲ್ಲ ಡಾಕ್ ಸಮೀಪದಲ್ಲಿರಲಿಲ್ಲ. ಇದ್ದ ಒಂದು ಡಾಕ್ ಸಮುದ್ರದ ತಳದಲ್ಲಿದ್ದಿತು. ಅಲೆಕ್ಸಾಂಡ್ರಿಯಾಕ್ಕೆ ಕಳುಹಿಸಲು ಮಾಡಿದ ಪ್ರಯತ್ನವು ಸೂಯೆಜ್ ಕಾಲುವೆಯ ಬಳಿ ವಿಫಲವಾಯಿತು. ಕೊನೆಗೆ ನೌಕೆಯು ಆಫ್ರಿಕದ ಗುಡ್ ಹೋಪ್ ಭೂಶಿರವನ್ನು ಬಳಸಿ 1945ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟನ್ನು ಸೇರಿತು. ಅದು ಮತ್ತೆ ಯುದ್ಧಕ್ಕೆ ಹೋಗಲಿಲ್ಲ. 1948ರಲ್ಲಿ ಅದನ್ನು ಗುಜರಿಗೆ ಮಾರಲಾಯಿತು. ಇಟಲಿಯ ಸ್ಫೋಟಕವು ಆರು ತಿಂಗಳು ಮಾತ್ರ ಕದನದಿಂದ ದೂರವಿರಿಸಿದ್ದ ನೌಕೆಯನ್ನು ಪಂಪು ನಡೆಸುವುದರಲ್ಲಾದ ತಪ್ಪು ಶಾಶ್ವತವಾಗಿ ದೂರವಿರಿಸಿತು. ಶತ್ರುವಿನ ಪಾತ್ರವಿಲ್ಲದೆ ಒದಗಿದ ಇಂತಹ ನಷ್ಟಗಳು ಯುದ್ಧದ ಇತಿಹಾಸಗಳಲ್ಲಿ ಅಡಿಟಿಪ್ಪಣಿಗಳಾಗಿ ಉಳಿಯುತ್ತವೆ. ಆದರೆ ಫಲದ ದೃಷ್ಟಿಯಿಂದ ಅವು ಸೋಲಿಗೆ ಸಮಾನವಾದುವು.

6. ಸ್ವತಂತ್ರ ಭಾರತದ ತೇಲುವ ಡಾಕುಗಳು

ಸ್ವಾತಂತ್ರ್ಯಾನಂತರ ಭಾರತದ ನೌಕಾಪಡೆಗೂ ಇದೇ ಪ್ರಶ್ನೆ ಎದುರಾಯಿತು. ಬಂಗಾಳ ಕೊಲ್ಲಿಯ ಆಚೆಗೆ, ಮಲಕ್ಕಾ ಜಲಸಂಧಿಗೆ ಹೋಗುವ ಮಾರ್ಗದಲ್ಲಿ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿವೆ. ಅವು ಚೆನ್ನೈಯಿಂದಲೂ ವಿಶಾಖಪಟ್ಟಣದಿಂದಲೂ ಸುಮಾರು 1,200 ಕಿಲೋಮೀಟರ್ ದೂರದಲ್ಲಿವೆ. ಅಲ್ಲಿ ಕಾವಲು ತಿರುಗುವ ಹಡಗು ತಳದ ಪ್ರತಿಯೊಂದು ಕೆಲಸಕ್ಕೂ ಮುಖ್ಯಭೂಮಿಗೆ ಮರಳಬೇಕಾದರೆ ಕಾವಲಿನ ಅನೇಕ ದಿನಗಳು ಹೋಗುವುದರಲ್ಲಿಯೂ ಬರುವುದರಲ್ಲಿಯೂ ಕಳೆಯುವುವು. ಈ ಕೊರತೆಯನ್ನು ನೀಗಲು 11,500 ಟನ್ ಎತ್ತುವ ಸಾಮರ್ಥ್ಯದ ತೇಲುವ ಡಾಕೊಂದನ್ನು ಜಪಾನಿನಲ್ಲಿ ಕಟ್ಟಿಸಿ, 1987ರಲ್ಲಿ ಪೋರ್ಟ್ ಬ್ಲೇರಿನ ಸೇವೆಗೆ ಸೇರಿಸಲಾಯಿತು. ‘ಎಫ್.ಡಿ.ಎನ್.-1’ ಎಂಬುದು ಅದರ ಹೆಸರು. ನೌಕಾಪಡೆಯ ಮೊದಲನೆಯ ತೇಲುವ ಡಾಕ್ ಎಂದು ಅದರ ಅರ್ಥ. 2001ರಲ್ಲಿ ಮೂರು ಸೇನಾಂಗಗಳಿಗೂ ಸಮಾನವಾದ ಅಂಡಮಾನ್ ನಿಕೋಬಾರ್ ಕಮಾಂಡ್ ಸ್ಥಾಪಿತವಾದಾಗ ಈ ಡಾಕ್ ಅಲ್ಲಿ ಆಗಲೇ ಸೇವೆಯಲ್ಲಿದ್ದಿತು. ದುರಸ್ತಿಯ ಸೌಕರ್ಯವು ಮುಂಚಿತವಾಗಿ ಹೋಗಿ ಸೈನಿಕ ವ್ಯವಸ್ಥೆಯು ಅದನ್ನು ಹಿಂಬಾಲಿಸಿತೆಂದು ಹೇಳಬಹುದು.

ಎರಡನೆಯ ಡಾಕಾದ ‘ಎಫ್.ಡಿ.ಎನ್.-2’ ನಮ್ಮ ದೇಶದಲ್ಲಿಯೇ ನಿರ್ಮಾಣಗೊಂಡಿತು. ಚೆನ್ನೈ ಸಮೀಪದ ಕಾಟ್ಟುಪಳ್ಳಿಯ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಯ ಹಡಗುಕಟ್ಟೆಯಲ್ಲಿ 2017ರ ಜೂನ್ 20ರಂದು ಇದನ್ನು ನೀರಿಗಿಳಿಸಲಾಯಿತು. ಇದರ ಉದ್ದ 185 ಮೀಟರ್, ಅಗಲ 40 ಮೀಟರ್. 8,000 ಟನ್ನಿನವರೆಗಿನ ಹಡಗುಗಳನ್ನು ಎತ್ತಬಲ್ಲುದು. ಇದರಲ್ಲಿ ತೊಟ್ಟಿಗಳಿಗೆ ನೀರು ತುಂಬುವುದನ್ನೂ ಬರಿದುಮಾಡುವುದನ್ನೂ ಸ್ವಯಂಚಾಲಿತ ವ್ಯವಸ್ಥೆಯು ನಿಯಂತ್ರಿಸುತ್ತದೆ. ಟ್ರಿಂಕೋಮಲಿಯ ಘಟನೆಯನ್ನು ಬಲ್ಲವರಿಗೆ ಈ ಒಂದು ಅಂಶದ ಪ್ರಾಮುಖ್ಯವನ್ನು ಬೇರೆ ಹೇಳಬೇಕಾಗಿಲ್ಲ. ಈ ಡಾಕನ್ನೂ, 2024ರಲ್ಲಿ ಶ್ರೀ ವಿಜಯಪುರಂ ಎಂದು ಪುನರ್ನಾಮಕರಣಗೊಂಡ ಪೋರ್ಟ್ ಬ್ಲೇರಿನ ನೌಕಾದುರಸ್ತಿ ಕೇಂದ್ರಕ್ಕಾಗಿಯೇ ನಿರ್ಮಿಸಲಾಯಿತು.

7. ಕಾರವಾರದ ವ್ಯವಸ್ಥೆ

ಈಗ ನಮ್ಮ ಕರಾವಳಿಯ ಕಡೆಗೆ ತಿರುಗೋಣ. ಮುಂಬಯಿ ಬಂದರು ವಾಣಿಜ್ಯದ ಹಡಗುಗಳಿಂದಲೂ ಮೀನುಗಾರಿಕೆಯ ದೋಣಿಗಳಿಂದಲೂ ಕಿಕ್ಕಿರಿದುದರಿಂದ, ಪಶ್ಚಿಮ ತೀರದಲ್ಲಿ ನೌಕಾಪಡೆಗೇ ಮೀಸಲಾದ ವಿಶಾಲವಾದ ನೆಲೆಯೊಂದು ಬೇಕೆಂಬ ಅಭಿಪ್ರಾಯ ಬಲವಾಯಿತು. ಆಯ್ಕೆಯಾದುದು ಕಾರವಾರಕ್ಕೆ ದಕ್ಷಿಣದಲ್ಲಿರುವ ಅರಗಾ ಪ್ರದೇಶ. ಬೆನ್ನಿಗೆ ಸಹ್ಯಾದ್ರಿಯ ಬೆಟ್ಟಗಳು, ಮುಂದೆ ಆಳವಾದ ನೀರು, ಎದುರಿಗೆ ಅಂಜುದೀವ ದ್ವೀಪ. ಪೋರ್ಚುಗೀಸರ ವಶದಲ್ಲಿದ್ದ ಈ ದ್ವೀಪವನ್ನು 1961ರ ಡಿಸೆಂಬರಿನಲ್ಲಿ ಬಿಡಿಸಿಕೊಂಡ ಕಾರ್ಯಾಚರಣೆಯಲ್ಲಿ ‘ಮೈಸೂರು’ ಎಂಬ ನಮ್ಮ ನಾಡಿನ ಹೆಸರನ್ನೇ ಹೊತ್ತ ಯುದ್ಧನೌಕೆಯು ಭಾಗವಹಿಸಿತ್ತೆಂಬುದು ಸ್ಮರಣೀಯ. ಆ ಹೋರಾಟದಲ್ಲಿ ನೌಕಾಪಡೆಯ ಏಳು ಮಂದಿ ಪ್ರಾಣವನ್ನರ್ಪಿಸಿದರು.

1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ‘ಸೀಬರ್ಡ್’ ಯೋಜನೆಯ ಅಸ್ತಿಭಾರವನ್ನು ಹಾಕಿದರು. ಹಣದ ಅಭಾವದಿಂದ ಕೆಲಸವು ಬಹುಕಾಲ ಕುಂಠಿತವಾಗಿ, 2005ರ ಮೇ 31ರಂದು ‘ಐ.ಎನ್.ಎಸ್. ಕದಂಬ’ ಎಂಬ ಹೆಸರಿನಿಂದ ನೆಲೆಯು ಸೇವೆಯನ್ನಾರಂಭಿಸಿತು. ಈ ಹೆಸರು ಕರ್ಣಾಟಕದ ಇತಿಹಾಸದ ವಿದ್ಯಾರ್ಥಿಗಳಿಗೆ ಪ್ರಿಯವಾದುದು. ಬನವಾಸಿಯ ಕದಂಬರ ಹೆಸರನ್ನು ಮುಂದುವರಿಸಿದ ಗೋವೆಯ ಕದಂಬರು ಹನ್ನೊಂದನೆಯ ಶತಮಾನದಲ್ಲಿ ಈ ತೀರದಲ್ಲಿ ನೌಕಾಬಲವನ್ನು ಹೊಂದಿದ್ದರು. ಆ ವಂಶದ ಗೂಹಲ್ಲದೇವನು ಸೋಮನಾಥದ ಯಾತ್ರೆಗೆ ಸಮುದ್ರಮಾರ್ಗವಾಗಿ ಹೊರಟಾಗ ಹಡಗಿನ ಕೂವೆಮರ ಮುರಿದು ಸಮೀಪದ ಗೋಪಕಪಟ್ಟಣವನ್ನು ಆಶ್ರಯಿಸಬೇಕಾಯಿತೆಂದೂ, ಅಲ್ಲಿಯ ಒಬ್ಬ ಅರಬ್ಬೀ ವರ್ತಕನು ನೆರವಾದನೆಂದೂ, ಮುಂದೆ ಆ ವರ್ತಕನ ಮೊಮ್ಮಗನು ಜಯಕೇಶಿಯ ಆಳ್ವಿಕೆಯಲ್ಲಿ ಅಧಿಕಾರಪದವಿಯನ್ನು ಪಡೆದನೆಂದೂ ತಾಮ್ರಶಾಸನದಿಂದ ತಿಳಿದುಬರುತ್ತದೆ. ಮುರಿದ ಹಡಗಿಗೆ ದೊರೆತ ಒಂದು ಆಶ್ರಯವು ರಾಜಕೀಯ ಸಂಬಂಧವಾಗಿ ಬೆಳೆದ ಈ ಪ್ರಸಂಗವು ನಮ್ಮ ವಿಷಯಕ್ಕೆ ಹೊರಗಿನದಲ್ಲ.

ಕಾರವಾರದಲ್ಲಿ ತೇಲುವ ಡಾಕಿಗೆ ಬದಲಾಗಿ, ಅದರ ಕೆಲಸವನ್ನೇ ಬೇರೆ ರೀತಿಯಲ್ಲಿ ಮಾಡುವ ಷಿಪ್‌ಲಿಫ್ಟ್ ಎಂಬ ಸಾಧನವನ್ನು ಸ್ಥಾಪಿಸಿದ್ದಾರೆ. ನೀರಿನೊಳಗೆ ಮುಳುಗಿಸಬಲ್ಲ ದೊಡ್ಡ ವೇದಿಕೆಯನ್ನು ಎರಡು ಪಕ್ಕಗಳಲ್ಲಿಯೂ ಸಾಲುಗಟ್ಟಿದ ವಿದ್ಯುತ್ ರಾಟೆಗಳಿಂದ ಉಕ್ಕಿನ ಹಗ್ಗಗಳ ಮೂಲಕ ತೂಗುಹಾಕಿರುತ್ತಾರೆ. ಹಡಗು ವೇದಿಕೆಯ ಮೇಲೆ ಬಂದು ನಿಂತ ಮೇಲೆ ಎಲ್ಲ ರಾಟೆಗಳೂ ಒಂದೇ ವೇಗದಲ್ಲಿ ತಿರುಗಿ ಅದನ್ನು ಎತ್ತುತ್ತವೆ. ಇಲ್ಲಿಯ ಲಿಫ್ಟ್ 10,000 ಟನ್ ಎತ್ತಬಲ್ಲುದು. ತೇಲುವ ಡಾಕಿಗೂ ಇದಕ್ಕೂ ಇರುವ ಮುಖ್ಯ ಅಂತರವು ಮುಂದಿನ ಹಂತದಲ್ಲಿದೆ. ತೇಲುವ ಡಾಕನ್ನೇರಿದ ಹಡಗು ಕೆಲಸ ಮುಗಿಯುವವರೆಗೆ ಅದನ್ನೇ ಆಕ್ರಮಿಸಿಕೊಂಡಿರುತ್ತದೆ; ಅಷ್ಟು ದಿನವೂ ಇನ್ನೊಂದು ಹಡಗು ಕಾಯಬೇಕು. ಷಿಪ್‌ಲಿಫ್ಟ್ ಎತ್ತಿದ ಹಡಗನ್ನು ಹಳಿಗಳ ಮೇಲೆ ಸರಿಸಿ ದಡದ ಮೇಲಿನ ಒಣ ತಂಗುದಾಣಕ್ಕೆ ಒಯ್ಯುತ್ತಾರೆ. ಲಿಫ್ಟ್ ಬರಿದಾಗಿ ಮತ್ತೊಂದು ಹಡಗಿಗೆ ಸಿದ್ಧವಾಗುತ್ತದೆ. ಹೀಗೆ ಒಂದೇ ಲಿಫ್ಟಿನಿಂದ ಹಲವು ಹಡಗುಗಳ ದುರಸ್ತಿ ಏಕಕಾಲದಲ್ಲಿ ನಡೆಯಬಹುದು. ಆದರೆ ಬೇಕಾದಲ್ಲಿಗೆ ಸಾಗುವ ಗುಣವು ಇದಕ್ಕಿಲ್ಲ. ನೆಲೆಯನ್ನು ಒಮ್ಮೆ ಆರಿಸಿದ ಮೇಲೆ ಅದೇ ಶಾಶ್ವತ.

ಇದರ ಮಿತಿಯನ್ನೂ ಹೇಳಬೇಕು. 2014ರ ಜನವರಿಯಲ್ಲಿ ಕಾರವಾರಕ್ಕೆ ಬಂದ ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ದ ಭಾರ ನಲವತ್ತು ಸಾವಿರ ಟನ್ನಿಗೂ ಮಿಗಿಲು. ಅದರ ತಳದ ಕೆಲಸಕ್ಕೆ 2016ರಲ್ಲಿ ಕೊಚ್ಚಿಗೆ ಹೋಗಬೇಕಾಯಿತು. 2019ರ ಸೆಪ್ಟೆಂಬರ್ 28ರಂದು ಮುಂಬಯಿಯ ನೌಕಾಂಗಣದಲ್ಲಿ 281 ಮೀಟರ್ ಉದ್ದ, 45 ಮೀಟರ್ ಅಗಲದ ಹೊಸ ಒಣ ಡಾಕ್ ತೆರೆದ ಮೇಲೆ ಈ ಕೊರತೆ ಬಹುಮಟ್ಟಿಗೆ ನೀಗಿತು. ‘ವೇಲಿಯಂಟ್’ ಕಾಲದ ನಾಲ್ಕು ಅಡಿಗಳ ಪಾಠವು ಇಂದಿಗೂ ಹಳೆಯದಾಗಿಲ್ಲ.

ಸಾಗದ ಡಾಕಿಗೆ ನೆಲ ಬೇಕು. ನೆಲದ ಮೇಲೆ ಜನರಿರುತ್ತಾರೆ. ಕಾರವಾರದ ನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಸುಮಾರು ಹನ್ನೊಂದು ಸಾವಿರ ಎಕರೆ ಭೂಮಿಯನ್ನು ವಶಪಡಿಸಿಕೊಳ್ಳಲಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆಗಳನ್ನು ತೊರೆದುವು. ಗದ್ದೆ ಮಾಡುತ್ತಿದ್ದವರು ಗದ್ದೆಯನ್ನೂ, ಮೀನು ಹಿಡಿಯುತ್ತಿದ್ದವರು ತಲೆತಲಾಂತರದಿಂದ ಬಂದ ಕಡಲತೀರವನ್ನೂ ಕಳೆದುಕೊಂಡರು. ಪರಿಹಾರದ ವ್ಯಾಜ್ಯಗಳು ದಶಕಗಳವರೆಗೆ ನ್ಯಾಯಾಲಯಗಳಲ್ಲಿ ನಡೆದುವು. ರಾಷ್ಟ್ರರಕ್ಷಣೆಗೆ ಈ ನೆಲೆ ಅಗತ್ಯವೆಂಬುದನ್ನು ಒಪ್ಪಿದವರೂ ಅದರ ವೆಚ್ಚವನ್ನು ಲೆಕ್ಕಹಾಕುವಾಗ ಉಕ್ಕು ಮತ್ತು ಕಾಂಕ್ರೀಟುಗಳ ಜೊತೆಗೆ ಇದನ್ನೂ ಸೇರಿಸಬೇಕು. ಆ ಕುಟುಂಬಗಳ ಹಿರಿಯರಿಂದ ಊರುಗಳ ಹೆಸರು, ಗದ್ದೆಗಳ ವಿವರ, ದೈವಸ್ಥಾನಗಳ ವೃತ್ತಾಂತಗಳನ್ನು ಬರೆದಿಟ್ಟುಕೊಳ್ಳುವ ಕಾರ್ಯವು ಇತಿಹಾಸ ವಿಭಾಗಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ; ಅದಕ್ಕೆ ಉಳಿದಿರುವ ಕಾಲವು ದೀರ್ಘವಾದುದಲ್ಲ.

8. ಉಪಸಂಹಾರ

ಮೇಲಿನ ವಿವರಣೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಒಂದು ನೌಕಾಪಡೆಯು ಎಷ್ಟು ದೂರದವರೆಗೆ ಬಹುಕಾಲ ನಿಲ್ಲಬಲ್ಲುದೆಂಬುದು ಅದರ ಹಡಗುಗಳನ್ನು ಎತ್ತುವ ಸ್ಥಳವೆಲ್ಲಿದೆಯೆಂಬುದನ್ನು ಅವಲಂಬಿಸಿದೆ. ಬರ್ಮುಡಾ, ಸಿಂಗಪುರ, ಅಲೆಕ್ಸಾಂಡ್ರಿಯಾ, ಪೋರ್ಟ್ ಬ್ಲೇರ್ ಇವೆಲ್ಲವೂ ಇದಕ್ಕೆ ಸಾಕ್ಷಿಗಳು. ಎರಡನೆಯದಾಗಿ, ಡಾಕ್ ಇದ್ದ ಮಾತ್ರಕ್ಕೆ ಬಲ ಬಾರದು. ಪಂಪನ್ನು ನಡೆಸುವವನ ಜ್ಞಾನವೂ ಎಚ್ಚರವೂ ಆ ಬಲದ ಭಾಗವಾಗಿವೆ. ಮೂರನೆಯದಾಗಿ, ಡಾಕಿನ ಸ್ಥಳವನ್ನು ಆರಿಸುವುದು ತಾಂತ್ರಿಕ ವಿಷಯವಾಗಿರುವಂತೆಯೇ ಸಾಮಾಜಿಕ ವಿಷಯವೂ ಆಗಿದೆ.

ಈ ದೃಷ್ಟಿಯನ್ನು ನಮ್ಮ ಸುತ್ತಲಿನ ಇತಿಹಾಸಕ್ಕೂ ಅನ್ವಯಿಸಬಹುದು. ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಪ್ರಸಿದ್ಧವಾಗಿತ್ತು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಗೊಂಡು ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ದೇಶದ ಯಂತ್ರಾಗಾರಗಳಿಗೆ ಲೇತ್‌ಗಳನ್ನು ತಯಾರಿಸಿ ಕೊಟ್ಟಿತು. ಇವುಗಳ ಒಡೆಯರ ಚರಿತ್ರೆಯೂ ಉತ್ಪಾದನೆಯ ಅಂಕಿಗಳೂ ಅಲ್ಪಸ್ವಲ್ಪ ದೊರೆಯುತ್ತವೆ. ಕೆಟ್ಟ ಯಂತ್ರವನ್ನು ರಾತ್ರಿಯೆಲ್ಲ ಕುಳಿತು ಸರಿಪಡಿಸಿ ಬೆಳಗಿನ ಪಾಳಿಗೆ ಒದಗಿಸಿದ ಫಿಟ್ಟರುಗಳ, ಬಾಯ್ಲರು ನೋಡಿಕೊಳ್ಳುತ್ತಿದ್ದವರ ಅನುಭವವನ್ನು ಕೇಳಿ ಬರೆದವರು ವಿರಳ. ನಿರ್ಮಾಣದ ಇತಿಹಾಸದೊಡನೆ ದುರಸ್ತಿಯ ಇತಿಹಾಸವನ್ನೂ ಸಂಶೋಧನೆಯ ವಿಷಯವಾಗಿ ನಮ್ಮ ವಿದ್ಯಾರ್ಥಿಗಳು ಕೈಗೊಂಡರೆ, ಈ ಅವಳಿ ಊರುಗಳಲ್ಲಿಯೇ ಅವರಿಗೆ ಹಲವು ವರ್ಷಗಳಿಗೆ ಸಾಲುವಷ್ಟು ಕೆಲಸವಿದೆ.